ಹಳೆಯ ರಿವಾಲ್ವರುಗಳ ಮೈಬಣ್ಣ

ಸೊಂಡೂರು ಬೆಟ್ಟಗಳ ಮಣ್ಣಿಗೆ ಕೆಂಪನ್ನಿತ್ತಿರುವ ಕಬ್ಬಿಣದ ಆಕ್ಸೈಡಿಗೆ ಸಜಾತೀಯವಾದ ತುಕ್ಕನ್ನು ಉಕ್ಕಿನ ಮೇಲೆ ಬೇಕೆಂದೇ ಹಬ್ಬಿಸಿ, ಕುದಿಯುವ ನೀರಿನಲ್ಲಿ ಅದನ್ನು ಕೃಷ್ಣವರ್ಣದ ಮ್ಯಾಗ್ನೆಟೈಟಾಗಿ ಪರಿವರ್ತಿಸಿ, ಸಡಿಲವಾದ ಪುಡಿಯನ್ನು ಉಜ್ಜಿ ತೆಗೆದು, ಈ ಕ್ರಿಯೆಯನ್ನೇ ಪುನಃಪುನಃ ನಡೆಸಿ ಹಿಂದಿನ ಕೋವಿ ತಯಾರಕರು ಆಯುಧಕ್ಕೆ ಗಂಭೀರವಾದ ನೀಲಕಾಂತಿಯನ್ನು ಬರಿಸುತ್ತಿದ್ದರು. ಇದು ಬಳಿದ ಬಣ್ಣವಲ್ಲ. ಉಕ್ಕಿನ ಮೇಲ್ಮೈಯೇ ತಳೆದ ರೂಪಾಂತರ.

ಆದುದರಿಂದಲೇ ಒಂದೇ ರಿವಾಲ್ವರಿನ ನಳಿಗೆ, ಸಿಲಿಂಡರು, ಚೌಕಟ್ಟುಗಳು ಉಕ್ಕಿನ ಮಿಶ್ರಣ, ಕಾಠಿಣ್ಯ ಹಾಗೂ ನಯಗಳ ಭೇದಕ್ಕನುಸಾರವಾಗಿ ಬೇರೆಬೇರೆ ಛಾಯೆಗಳನ್ನು ತಾಳುವುದುಂಟು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನೀಲಿಗೊಂಡ ತಿರುಪಿನ ತಲೆ ನವಿಲಿನ ಕೊರಳಂತೆ ಮಿನುಗುತ್ತಿರಲು, ಪಕ್ಕದ ಚೌಕಟ್ಟು ಮಂಕಾದ ಕಪ್ಪಾಗಿರಬಹುದು. ಸಿಲಿಕಾನ್ ಅಧಿಕವಾಗಿರುವ ಭಾಗವು ಕಾಸ್ಟಿಕ್ ಸೋಡಾದ ಬಿಸಿದ್ರಾವಣದಲ್ಲಿ ನೀಲಿಗೊಳಿಸಿದಾಗ ನೇರಳೆಗೆ ತಿರುಗಬಹುದು.

1915ರಲ್ಲಿ ಬ್ರಿಟಿಷ್ ಸೇನೆಯನ್ನು ಸೇರಿದ ವೆಬ್ಲಿಯ ಆರನೆಯ ಮಾದರಿಯಂತಹ ಸೇನಾ ರಿವಾಲ್ವರುಗಳಲ್ಲಿ, ದುರಸ್ತಿಯ ವೇಳೆ ಭಾಗಗಳು ಬದಲಾಗಿರುವ ಸಂಭವವೂ ಇದೆ. ಕ್ರಮಸಂಖ್ಯೆಗಳನ್ನು ಹೋಲಿಸದೆ ಬಣ್ಣವೊಂದನ್ನೇ ನಂಬಿ ಭಾಗಗಳು ಮೂಲದವೋ ಅಲ್ಲವೋ ಎಂದು ನಿರ್ಣಯಿಸುವುದು ಯುಕ್ತವಲ್ಲ. ತೊಗಲಿನ ಒರೆಗೆ ಉಜ್ಜಿ ಬೆಳ್ಳಗಾದ ನಳಿಗೆಯ ಅಂಚು ಆಯುಧದ ಬಳಕೆಗೆ ಸಾಕ್ಷಿ. ಹೊಸದಾಗಿ ನೀಲಿಗೊಳಿಸಿದರೆ ಆ ಸಾಕ್ಷಿಯೂ, ಮೂಲ ಮುದ್ರೆಗಳ ಸ್ಪಷ್ಟತೆಯೂ ಅಳಿಯುವುದರಿಂದ, ಇಂತಹ ವಸ್ತುಗಳಿಗೆ ತೆಳುವಾದ ಎಣ್ಣೆ ಸವರಿ ಇದ್ದಂತೆಯೇ ಕಾಪಾಡುವುದು ಉಚಿತ.