ಮಂತ್ರಿಯ ಹೆಸರಿನ ಸೀಸೆ

ಆಯುಧಗಳಿಗೆ ಹೆಸರಿಡುವವರು ಸಾಮಾನ್ಯವಾಗಿ ಅವನ್ನು ಮಾಡಿದವರು, ಇಲ್ಲವೆ ಮಾಡಿಸಿದ ಸರ್ಕಾರಗಳು. ಶತ್ರುವಿನ ಹೆಸರನ್ನೇ ತನ್ನ ಆಯುಧಕ್ಕಿಟ್ಟ ಜನ ವಿರಳ. ಉರಿಯುವ ಪೆಟ್ರೋಲ್ ಸೀಸೆಗೆ ‘ಮೊಲೊಟೊವ್ ಕಾಕ್‌ಟೇಲ್’ ಎಂಬ ಹೆಸರು ಬಂದುದು ಅಂಥವರಿಂದ.

ಸೀಸೆಯೇನೋ ಹೆಸರಿಗಿಂತ ಹಳೆಯದು. ಸ್ಪೇನಿನ ಅಂತರ್ಯುದ್ಧದಲ್ಲಿ, 1936ರಲ್ಲಿ, ಫ್ರಾಂಕೋ ಪಕ್ಷದ ಸೈನಿಕರು ರಷ್ಯದ ಟ್ಯಾಂಕುಗಳ ಮೇಲೆ ಅದನ್ನು ಎಸೆದಿದ್ದರು. 1939ರ ಬೇಸಿಗೆಯಲ್ಲಿ ಮಂಗೋಲಿಯದ ಗಡಿಯ ಖಾಲ್ಖಿನ್ ಗೋಲ್‌ನಲ್ಲಿ ಜಪಾನೀ ಕಾಲಾಳುಗಳೂ ಎಸೆದರು.

ಅದೇ ವರ್ಷದ ನವೆಂಬರ್ 30ರಂದು ಸೋವಿಯತ್ ಸೈನ್ಯ ಫಿನ್‌ಲೆಂಡಿನ ಮೇಲೆ ಏರಿಹೋಯಿತು. ಫಿನ್ನರ ಜನಸಂಖ್ಯೆ ನಲವತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಟ್ಯಾಂಕುಗಳನ್ನು ತಡೆಯುವ ತೋಪುಗಳು ಅವರಲ್ಲಿ ತೀರ ಕಡಿಮೆ. ನಮ್ಮ ವಿಮಾನಗಳು ಬಾಂಬು ಹಾಕುತ್ತಿಲ್ಲ, ಹಸಿದ ಫಿನ್ನರಿಗೆ ಆಹಾರ ಹಾಕುತ್ತಿವೆ ಎಂದು ವಿದೇಶಾಂಗ ಮಂತ್ರಿ ಮೊಲೊಟೊವ್ ಸಾರಿದನೆಂಬುದು ಪ್ರಸಿದ್ಧ ಕಥೆ. ಫಿನ್ನರು ಆ ಬಾಂಬಿಗೆ ‘ಮೊಲೊಟೊವನ ರೊಟ್ಟಿಬುಟ್ಟಿ’ ಎಂದರು. ಊಟ ಬಂದ ಮೇಲೆ ಪಾನೀಯ ಬೇಡವೆ? ಸೀಸೆಗೆ ಹೆಸರು ಸಿದ್ಧವಾಯಿತು. ವಿನೋದದ ಇನ್ನೊಂದು ಎಳೆಯೂ ಉಂಟು: ರಾಯಮಾಕಿಯ ಸರ್ಕಾರೀ ಮದ್ಯದ ಕಾರ್ಖಾನೆಯೇ ಇಂಥ ಐದು ಲಕ್ಷಕ್ಕೂ ಮಿಕ್ಕಿ ಸೀಸೆಗಳನ್ನು ತುಂಬಿಕೊಟ್ಟಿತು. ತುಂಬಿದವರಲ್ಲಿ ಹೆಚ್ಚಿನವರು ಹೆಂಗಸರು.

ಈ ಕಥೆಯನ್ನು ನಗುತ್ತಲೇ ಹೇಳುವುದು ವಾಡಿಕೆ. ದುರ್ಬಲನ ಹಾಸ್ಯಕ್ಕೆ ನಾವು ಬೇಗ ಮನಸೋಲುತ್ತೇವೆ. ಆದರೆ ಸೀಸೆ ಎಸೆಯಬೇಕಾದರೆ ಟ್ಯಾಂಕಿನ ತೀರ ಹತ್ತಿರಕ್ಕೆ ನುಸುಳಬೇಕು. ಹಾಗೆ ಹೋದವರಲ್ಲಿ ಹಿಂದಿರುಗದವರು ಅನೇಕರು. ಉರಿಯುವ ಉಕ್ಕಿನೊಳಗೆ ಸಿಕ್ಕಿದವನೂ ಮೊಲೊಟೊವನಲ್ಲ, ಯಾವುದೋ ಹಳ್ಳಿಯಿಂದ ಹಿಡಿದು ತಂದ ಹುಡುಗ. 1940ರ ಮಾರ್ಚಿನಲ್ಲಿ ಮಾಸ್ಕೋದಲ್ಲಿ ಒಪ್ಪಂದವಾದಾಗ ಸೋವಿಯತ್ ಪರವಾಗಿ ರುಜು ಹಾಕಿದವರಲ್ಲಿ ಆ ಮಂತ್ರಿಯೂ ಇದ್ದ. ಫಿನ್‌ಲೆಂಡ್ ಸ್ವಾತಂತ್ರ್ಯ ಉಳಿಸಿಕೊಂಡಿತು. ಕರೇಲಿಯದ ನಾಲ್ಕು ಲಕ್ಷ ಜನ ಮನೆಮಾರು ಬಿಟ್ಟು ಹೊರಟರು.

ಮರುವರ್ಷ ಜರ್ಮನರು ನುಗ್ಗಿದಾಗ, 1941ರ ಜುಲೈನಲ್ಲಿ, ಸೋವಿಯತ್ ಸರ್ಕಾರವೇ ಇಂಥ ಸೀಸೆಗಳ ತಯಾರಿಕೆಗೆ ಆಜ್ಞೆ ಹೊರಡಿಸಿತು. ಅಲ್ಲಿಯ ಕಾಗದಪತ್ರಗಳಲ್ಲಿ ಅದಕ್ಕೆ ‘ಉರಿಯುವ ದ್ರವದ ಸೀಸೆ’ ಎಂಬ ಸಪ್ಪೆ ಹೆಸರು. ಮಂತ್ರಿಯ ಹೆಸರನ್ನು ಬರೆಯುವ ಧೈರ್ಯ ಯಾವ ಗುಮಾಸ್ತನಿಗಿದ್ದೀತು!

1956ರ ಅಕ್ಟೋಬರಿನಲ್ಲಿ ಬುಡಾಪೆಸ್ಟಿನ ಕೊರ್ವಿನ್ ಓಣಿಯ ತರುಣರು ಸೋವಿಯತ್ ಟ್ಯಾಂಕುಗಳಿಗೆ ಇದಿರಾದುದೂ ಇದೇ ಸೀಸೆ ಹಿಡಿದು. ಮೊಲೊಟೊವ್ ವಿದೇಶಾಂಗ ಖಾತೆ ಕಳೆದುಕೊಂಡು ಆಗ ಕೆಲವು ತಿಂಗಳಾಗಿದ್ದವು.