ನೊರೆಯೆಷ್ಟು, ಬಿಯರೆಷ್ಟು?

ನಾನು ಬಿಯರ್ ಕುಡಿಯುವವನಲ್ಲ. ಆದರೂ ಹಲವು ವರ್ಷಗಳಿಂದ ನನ್ನ ಬರೆಯುವ ಮೇಜಿನ ಮೇಲೆ ಒಂದು ಬಿಯರ್ ಮಗ್ ಕುಳಿತಿದೆ. ಬವೇರಿಯಾದ ಹಳೆಯ ಸಾಮಾನಿನ ಸಂತೆಯೊಂದರಲ್ಲಿ ಕೊಂಡದ್ದು. ಬೂದು ಬಣ್ಣ, ಹೊಟ್ಟೆಯ ಮೇಲೆ ನೀಲಿ ಹೂಬಳ್ಳಿ, ಒಂದು ಲೀಟರ್ ಹಿಡಿಯುವಷ್ಟು ದೊಡ್ಡದು. ಸದ್ಯಕ್ಕೆ ಅದರಲ್ಲಿರುವುದು ಪೆನ್ನುಗಳು ಮತ್ತು ಒಂದು ಕತ್ತರಿ.

ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಬಂದಿದ್ದ ಅಮ್ಮ ಅದನ್ನು ಎತ್ತಿ ನೋಡಿ, ಬೆರಳಿನಿಂದ ಟಣ್ಣೆಂದು ಬಡಿದು, "ಇದು ನಮ್ಮ ಉಪ್ಪಿನಕಾಯಿ ಜಾಡಿ ಇದ್ದ ಹಾಗಿದೆಯಲ್ಲೋ!" ಎಂದರು. ಬಿಯರ್ ಕುಡಿಯುವ ಮಗ್ ಎಂದೆ. ಅವರಿಗೆ ಅದರಿಂದೇನೂ ಬೇಸರವಾಗಲಿಲ್ಲ. ಒಳಗೆ ಇಣುಕಿ ಇನ್ನೊಂದು ಪ್ರಶ್ನೆ ಹಾಕಿದರು: "ಹೊರಗಿನಿಂದ ಒಳಗಿರೋದು ಕಾಣೋದೇ ಇಲ್ಲ. ನೊರೆ ಎಷ್ಟು, ಕುಡಿಯೋದು ಎಷ್ಟು ಅಂತ ಹೇಗೆ ಗೊತ್ತಾಗ್ತಿತ್ತು?" ಹಾಲಿನವನು ಎತ್ತರದಿಂದ ಪಾವಿಗೆ ಸುರಿದಾಗಲೆಲ್ಲ "ನೊರೆ ಇಳೀಲಿ, ಸ್ವಲ್ಪ ತಡಿಯಪ್ಪ" ಎನ್ನುತ್ತಿದ್ದವರಿಗೆ ಬೇರೆ ಪ್ರಶ್ನೆ ಹೊಳೆಯುವುದಾದರೂ ಹೇಗೆ?

ಆ ಎರಡು ಮಾತುಗಳ ಬೆನ್ನು ಹತ್ತಿ ನಾನು ಓದುತ್ತಾ ಹೋದೆ. ಜರ್ಮನ್ ಬಿಯರ್ ಮಗ್ಗಿನ ಚರಿತ್ರೆಯ ಮುಖ್ಯ ಭಾಗವೆಲ್ಲ ಅವೆರಡರಲ್ಲೇ ಅಡಗಿದೆ ಎಂದು ಈಗ ಅನ್ನಿಸುತ್ತಿದೆ.

ಮೊದಲು ಜಾಡಿಯ ಮಾತು. ಸಾಧಾರಣ ಕುಂಬಾರನ ಮಡಕೆ ನೀರನ್ನು ಹೀರುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರು ತಣ್ಣಗಿರಲು ಅದು ಒಳ್ಳೆಯದೇ. ಆದರೆ ಬಿಯರಿಗೆ ಅದು ಆಗದು, ಹೀರಿದ್ದು ಮಣ್ಣಿನೊಳಗೇ ಹುಳಿಯುತ್ತದೆ. ರೈನ್ ನದಿಯ ಆಸುಪಾಸಿನ ಕುಂಬಾರರಿಗೆ ಸಿಕ್ಕಿದ ಜೇಡಿ ಬೇರೆ ಜಾತಿಯದು. 1200 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲೂ ಅದು ಕುಸಿಯದೆ ನಿಂತು, ಕಣಕಣವೂ ಬೆಸೆದುಕೊಂಡು ಕಲ್ಲಿನಂತಾಗುತ್ತದೆ. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಬಾನ್ ಬಳಿಯ ಜೀಗ್‌ಬುರ್ಗ್ ಊರಿನವರಿಗೆ ಈ ವಿದ್ಯೆ ಕೈವಶವಾಗಿತ್ತು. ಇದೇ ಸ್ಟೋನ್‌ವೇರ್. ಇಂಗ್ಲಿಷಿನವರು ಇಂಥ ಮಗ್ಗನ್ನು ಸ್ಟೈನ್ ಎನ್ನುವುದೂ ಇದರಿಂದಲೇ, ಸ್ಟೈನ್ ಎಂದರೆ ಜರ್ಮನ್ ಭಾಷೆಯಲ್ಲಿ ಕಲ್ಲು. ಜರ್ಮನರು ಮಾತ್ರ ಅದನ್ನು ಕ್ರೂಗ್ ಎನ್ನುತ್ತಾರೆ. ಇಲ್ಲಿಯ ಹೋಟೆಲಿನಲ್ಲಿ "ಒಂದು ಸ್ಟೈನ್ ಕೊಡಿ" ಎಂದರೆ ನೀವು ಪ್ರವಾಸಿ ಎಂದು ತಿಳಿದುಹೋಗುತ್ತದೆ!

ಇದರ ಮೇಲಿನ ಹೊಳಪು ಬಂದ ಬಗೆ ಇನ್ನೂ ಸ್ವಾರಸ್ಯ. ಬಣ್ಣ ಬಳಿದಂತೆ ಅದನ್ನು ಬಳಿಯುವುದಿಲ್ಲ. ಗೂಡು ಅತಿ ಬಿಸಿಯಾದಾಗ ಮೇಲಿನ ಕಿಂಡಿಗಳಿಂದ ಅಡುಗೆ ಉಪ್ಪನ್ನು ಒಳಗೆ ಎಸೆಯುತ್ತಾರೆ. ಉಪ್ಪು ಆ ಬಿಸಿಗೆ ಆವಿಯಾಗಿ, ಅದರ ಸೋಡಿಯಂ ಜೇಡಿಯಲ್ಲಿರುವ ಸಿಲಿಕದೊಡನೆ ಸೇರಿ ತೆಳುವಾದ ಗಾಜಿನ ಪದರವಾಗುತ್ತದೆ. ಉಳಿದ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ಬಿಳಿಯ ಹೊಗೆಯಾಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಅಂದರೆ ಪಾತ್ರೆಯ ಮಣ್ಣೇ ತನ್ನ ಮೈಮೇಲೆ ಗಾಜಾಗುತ್ತದೆ. ಆದ್ದರಿಂದ ಅದು ಸಿಪ್ಪೆಯಂತೆ ಸುಲಭವಾಗಿ ಏಳುವುದಿಲ್ಲ, ಹುಳಿಗೂ ಉಪ್ಪಿಗೂ ಜಗ್ಗುವುದಿಲ್ಲ. ನಮ್ಮ ಉಪ್ಪಿನಕಾಯಿಯನ್ನು ಜಾಡಿಯಲ್ಲೇ ಹಾಕುವುದೂ ಇಂಥದೇ ಗುಣಕ್ಕಾಗಿ ತಾನೆ? ಅಮ್ಮ ಬೆರಳಲ್ಲಿ ಬಡಿದು ಗುರುತಿಸಿದ್ದು ಸರಿಯಾಗಿಯೇ ಇತ್ತು.

ಜೀಗ್‌ಬುರ್ಗಿನ ಬಿಳುಪಾದ ಎತ್ತರದ ಮಗ್ಗುಗಳು, ಕಲೋನ್ ಬಳಿಯ ಫ್ರೆಖೆನ್‌ನಿಂದ ಬರುತ್ತಿದ್ದ ಕತ್ತಿನ ಮೇಲೆ ಗಡ್ಡದ ಮುಖವಿರುವ ಹೂಜಿಗಳು, ಈಗ ಬೆಲ್ಜಿಯಂನಲ್ಲಿರುವ ರಾರೆನ್ ಊರಿನ ಕಂದು ಪಾತ್ರೆಗಳು, ಹೀಗೆ ಒಂದೊಂದು ಊರಿಗೂ ಒಂದೊಂದು ಮಣ್ಣು, ಒಂದೊಂದು ಕೈ. ಹದಿನಾರನೆಯ ಶತಮಾನದ ಕೊನೆಯಲ್ಲಿ ಜೀಗ್‌ಬುರ್ಗ್ ಮತ್ತು ರಾರೆನ್‌ಗಳಿಂದ ಕೆಲವು ಕುಂಬಾರ ಕುಟುಂಬಗಳು ವೆಸ್ಟರ್‌ವಾಲ್ಡ್ ಬೆಟ್ಟಸಾಲಿಗೆ ವಲಸೆ ಹೋದವು. ಅಲ್ಲಿ ಒಳ್ಳೆಯ ಜೇಡಿ ಇತ್ತು, ಗೂಡಿಗೆ ಬೇಕಾದ ಕಾಡೂ ಇತ್ತು. 1632ರಲ್ಲಿ ಮೂವತ್ತು ವರ್ಷಗಳ ಯುದ್ಧ ಜೀಗ್‌ಬುರ್ಗನ್ನು ಹಾಳುಗೆಡವಿದಾಗ ಅಲ್ಲಿಯ ಹಳೆಯ ಕಸುಬು ನೆಲ ಕಚ್ಚಿತು. ವಲಸೆ ಹೋದವರ ಕೈಯಲ್ಲಿ ಮಾತ್ರ ವಿದ್ಯೆ ಉಳಿಯಿತು. ಹೋರ್-ಗ್ರೆನ್ಸ್‌ಹೌಸನ್ ಸುತ್ತಲಿನ ಆ ಸೀಮೆಗೆ ಇಂದಿಗೂ 'ಹೂಜಿ ಸುಡುವವರ ನಾಡು' ಎಂಬ ಅರ್ಥದ ಹೆಸರಿದೆ. ಬೂದು ಮೈಯ ಮೇಲಿನ ನೀಲಿ ಬಳ್ಳಿ ಅವರ ಗುರುತು. ಅದು ನೀಲಿಯೇ ಆಗಿರಲು ಕಾರಣವೂ ಬೆಂಕಿಯೇ. ಅಷ್ಟು ಬಿಸಿಯಲ್ಲಿ ಹೆಚ್ಚಿನ ಬಣ್ಣಗಳು ಸುಟ್ಟುಹೋಗುತ್ತವೆ, ಕೋಬಾಲ್ಟಿನ ನೀಲಿ ಉಳಿಯುತ್ತದೆ.

ಎಲ್ಲರೂ ಕಲ್ಲಿನಲ್ಲೇ ಕುಡಿಯುತ್ತಿದ್ದರು ಎಂದಲ್ಲ. ಮರದ ಮಗ್ಗುಗಳಿದ್ದವು. ಇಂಗ್ಲೆಂಡಿನಲ್ಲಿ ಒಳಗೆ ರಾಳ ಬಳಿದ ಚರ್ಮದ ಮಗ್ಗುಗಳಿದ್ದವು. ಉಳ್ಳವರಿಗೆ ಬೆಳ್ಳಿ, ಮಧ್ಯಮದವರಿಗೆ ಪ್ಯೂಟರ್ ಎಂಬ ತವರದ ಮಿಶ್ರಲೋಹ. ತವರಕ್ಕೆ ಸೀಸ ಬೆರೆಸಿದರೆ ಅಗ್ಗವಾಗುತ್ತದೆ, ಆದರೆ ಸೀಸ ವಿಷ. ಹಾಗಾಗಿ ತವರದ ಕೆಲಸದವರ ಸಂಘಗಳು ಎಷ್ಟು ಸೀಸ ಸೇರಿಸಬಹುದೆಂದು ಕಟ್ಟು ಮಾಡಿ, ಪಾತ್ರೆಯ ಮೇಲೆ ಮುದ್ರೆ ಒತ್ತಿಸುತ್ತಿದ್ದವು. ಕಲ್ಲಿನ ಮಗ್ಗುಗಳಿಗೆ ಮುಚ್ಚಳ ಕೂರಿಸುತ್ತಿದ್ದವರೂ ಇವರೇ. ಹೆಬ್ಬೆರಳಿನಿಂದ ಒತ್ತಿದರೆ ತೆರೆಯುವ ಆ ಮುಚ್ಚಳ ನೊಣವನ್ನೂ ಮರದಿಂದ ಉದುರುವ ಎಲೆಯನ್ನೂ ತಡೆಯುತ್ತದೆ. ಬವೇರಿಯಾದಲ್ಲಿ ಮುಚ್ಚಳ ತೆರೆದಿಟ್ಟರೆ ಇನ್ನೊಂದು ತುಂಬಿ ತನ್ನಿ ಎಂದು ಅರ್ಥ. ನಮ್ಮಲ್ಲಿ ಬಾಳೆ ಎಲೆ ಮಡಿಸಿದರೆ ಸಾಕು ಎಂದಲ್ಲವೇ, ಇದು ಅದರ ತಿರುಗುಮುರುಗು.

ಈಗ ಅಮ್ಮನ ಎರಡನೆಯ ಮಾತಿಗೆ ಬರೋಣ. ಒಳಗೆ ಎಷ್ಟಿದೆ?

ಬವೇರಿಯಾದಲ್ಲಿ ಈ ಪ್ರಶ್ನೆ ಹಳೆಯದು. 1516ರ ಪ್ರಸಿದ್ಧ ಬಿಯರ್ ಶಾಸನವನ್ನು ಎಲ್ಲರೂ ಶುದ್ಧತೆಯ ಕಾನೂನು ಎಂದೇ ನೆನೆಯುತ್ತಾರೆ. ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಎಂಬ ಮಾತು ಅದರಲ್ಲಿದೆ, ನಿಜ. ಆದರೆ ಅದು ಬೆಲೆಯ ಕಾನೂನೂ ಹೌದು. ಒಂದು 'ಮಾಸ್' ಅಳತೆಯ ಬಿಯರಿಗೆ ಚಳಿಗಾಲದಲ್ಲಿ ಒಂದು ಫೆನ್ನಿಗ್, ಬೇಸಿಗೆಯಲ್ಲಿ ಎರಡು ಫೆನ್ನಿಗ್‌ಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಅದು ಕಟ್ಟು ಮಾಡಿತು. ಬೆಲೆ ಕಟ್ಟಿಹಾಕಿದರೆ ಮಾರುವವನಿಗೆ ಉಳಿಯುವ ದಾರಿ ಯಾವುದು? ಅಳತೆ ಕಡಿಮೆ ಮಾಡುವುದು. ಹಾಲಿನವರ ಜೊತೆ ವ್ಯವಹಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ 'ಮಾಸ್' ಎಂಬುದು ನಮ್ಮ ಸೇರು, ಪಾವುಗಳಂತೆ ಊರಿಂದ ಊರಿಗೆ ಬದಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬವೇರಿಯಾದ ಮಾಸ್ 1.069 ಲೀಟರ್. 1872ರಲ್ಲಿ ಜರ್ಮನಿಯಲ್ಲಿ ಮೆಟ್ರಿಕ್ ಪದ್ಧತಿ ಕಡ್ಡಾಯವಾದಾಗ ಅದು ಒಂದೇ ಲೀಟರಿಗೆ ಇಳಿಯಿತು. ಒಂದೊಂದು ಮಗ್ಗಿಗೂ 69 ಮಿಲಿಲೀಟರ್ ಕಡಿಮೆ. ಬಿಯರಿನ ಬೆಲೆ ಏರಿತೆಂದು 1844ರಲ್ಲಿ ಗಲಭೆಯನ್ನೇ ನಡೆಸಿದ್ದ ಮ್ಯೂನಿಕ್ ಜನರಿಗೆ ಇದು ಸಣ್ಣ ವಿಷಯವಾಗಿರಲಾರದು. 1881ರಲ್ಲಿ ಇನ್ನೊಂದು ಕಾನೂನು ಬಂತು: ಅಂಗಡಿಯಲ್ಲಿ ಕುಡಿಯಲು ಕೊಡುವ ಪಾತ್ರೆಯ ಮೇಲೆ ಅಳತೆಯ ಗೆರೆ ಇರಲೇಬೇಕು. ಒಳ್ಳೆಯ ಕಾನೂನೇ. ಆದರೆ ಕಲ್ಲಿನ ಮಗ್ಗಿನ ಹೊರಮೈಯಲ್ಲಿ ಗೆರೆ ಇದ್ದು, ಒಳಗಿನ ಬಿಯರ್ ಕಾಣದಿದ್ದರೆ ಗೆರೆಯಿಂದ ಕುಡಿಯುವವನಿಗೇನು ಪ್ರಯೋಜನ? ಮೇಲಿನಿಂದ ನೋಡಿದರೆ ಕಾಣುವುದು ನೊರೆ ಮಾತ್ರ.

ಗಾಜು ಬಂದದ್ದು ಈ ಹೊತ್ತಿನಲ್ಲಿ. ಅದನ್ನು ತಂದದ್ದು ಕಾನೂನಲ್ಲ, ರುಚಿ ಮತ್ತು ಯಂತ್ರ. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಬವೇರಿಯಾದಿಂದ ಹೋಗಿದ್ದ ಯೋಸೆಫ್ ಗ್ರೋಲ್ ಎಂಬವನು ಹೊಂಬಣ್ಣದ ತಿಳಿ ಬಿಯರ್ ತಯಾರಿಸಿದ. ಕಪ್ಪಗೆ ಮಂದವಾಗಿದ್ದ ಬಿಯರ್ ಕಲ್ಲಿನೊಳಗೆ ಅಡಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಈ ಹೊಸದರ ಚೆಲುವು ಕಣ್ಣಿಗೆ ಬೀಳಬೇಕಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ 1820ರ ದಶಕದಲ್ಲಿ ಬೆಳೆದ, ಗಾಜನ್ನು ಅಚ್ಚಿನಲ್ಲಿ ಒತ್ತಿ ತೆಗೆಯುವ ಕ್ರಮ ಯುರೋಪಿಗೂ ಹರಡಿತ್ತು. 1856ರಲ್ಲಿ ಫ್ರೀಡ್ರಿಶ್ ಸೀಮೆನ್ಸ್ ಪೇಟೆಂಟ್ ಪಡೆದ, ಹೊರಹೋಗುವ ಬಿಸಿಯನ್ನೇ ಮತ್ತೆ ಬಳಸುವ ಕುಲುಮೆ ಮುಂದೆ ಗಾಜು ಕರಗಿಸುವ ಖರ್ಚನ್ನು ತಗ್ಗಿಸಿತು. ಸಿರಿವಂತರ ಕೈಯಲ್ಲಿದ್ದ ಗಾಜು ಕೂಲಿಕಾರನ ಕೈಗೂ ಬಂತು. ಮ್ಯೂನಿಕ್‌ನ ಅಕ್ಟೋಬರ್ ಉತ್ಸವದಲ್ಲಿ ಮೊದಲ ಬಾರಿ ಗಾಜಿನ ಮಗ್ಗಿನಲ್ಲಿ ಬಿಯರ್ ಕೊಟ್ಟದ್ದು 1892ರಲ್ಲಿ. ಎರಡೇ ವರ್ಷಕ್ಕೆ, 1894ರಲ್ಲಿ, ಮ್ಯೂನಿಕ್‌ನ ಸ್ಪಾಟನ್ ಕಂಪನಿಯೂ ತಿಳಿ ಬಣ್ಣದ ಬಿಯರ್ ಹೊರತಂದಿತು.

ಗಾಜಿನಿಂದ ಕಳೆದದ್ದೂ ಇದೆ. ದಪ್ಪ ಕಲ್ಲಿನ ಮಗ್ಗು ತಂಪನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಬಿಸಿಲನ್ನು ಒಳಗೆ ಬಿಡುವುದಿಲ್ಲ. ಬಿಯರಿಗೆ ಬೆಳಕು ಶತ್ರು, ಹಾಪ್ಸಿನ ಸತ್ವ ಬೆಳಕಿಗೆ ಕೆಟ್ಟು ದುರ್ವಾಸನೆ ಬರುತ್ತದೆ. ಜೊತೆಗೆ ಕಲ್ಲಿನ ಮಗ್ಗು ಒಬ್ಬ ಮನುಷ್ಯನದಾಗಿರುತ್ತಿತ್ತು, ಮುಚ್ಚಳದ ಮೇಲೆ ಅವನ ಹೆಸರು ಇರುತ್ತಿತ್ತು. ಮ್ಯೂನಿಕ್‌ನ ಹೋಫ್‌ಬ್ರಾಯ್‌ಹೌಸ್‌ನಲ್ಲಿ ಕಾಯಂ ಗಿರಾಕಿಗಳ ಸ್ವಂತ ಮಗ್ಗುಗಳು ಈಗಲೂ ಬೀಗ ಹಾಕಿದ ಗೂಡುಗಳಲ್ಲಿ ಕಾದಿರುತ್ತವೆ. ಸಾಲ್ಜ್‌ಬರ್ಗ್‌ನ ಮ್ಯೂಲ್ನ್‌ನಲ್ಲಿರುವ ಅಗಸ್ಟಿನರ್ ಮಠದ ಬಿಯರ್ ಶಾಲೆಯಲ್ಲಿ ಕಪಾಟಿನಿಂದ ಕಲ್ಲಿನ ಮಗ್ಗನ್ನು ನೀವೇ ತೆಗೆದು, ಕಾರಂಜಿಯ ನೀರಿನಲ್ಲಿ ತೊಳೆದು, ಸುರಿಯುವವನ ಮುಂದೆ ಹಿಡಿಯಬೇಕು.

ಹಾಗಾದರೆ ಗಾಜು ಬಂದ ಮೇಲೆ ಮೋಸ ನಿಂತಿತೇ? ಇಲ್ಲ. ಕಡಿಮೆ ಸುರಿಯುವುದರ ವಿರುದ್ಧ 1970ರಲ್ಲಿ ಮ್ಯೂನಿಕ್‌ನಲ್ಲಿ ಒಂದು ಸಂಘವೇ ಹುಟ್ಟಿತು. ಅದರ ಹೆಸರಿನ ಅರ್ಥ 'ಮೋಸದ ಸುರಿಯುವಿಕೆಯ ವಿರುದ್ಧದ ಸಂಘ'. ಕೇಳಿ ನಗು ಬರುತ್ತದೆ. ಆದರೆ 2025ರ ಉತ್ಸವದಲ್ಲಿ ಹಲವು ಡೇರೆಗಳಲ್ಲಿ ಒಂದು ಮಾಸ್‌ಗೆ 15 ಯೂರೋ ದಾಟಿತ್ತು. ಲೀಟರಿನ ಹತ್ತನೆಯ ಒಂದು ಭಾಗ ನೊರೆಯಾದರೆ ಒಂದೂವರೆ ಯೂರೋ ಗಾಳಿಗೆ ಕೊಟ್ಟಂತೆ. ಸಾವಿರಾರು ಮಗ್ಗುಗಳಿಗೆ ಗುಣಿಸಿ ನೋಡಿದರೆ ನಗು ನಿಲ್ಲುತ್ತದೆ.

ಗಾಜು ಮಾಡಿದ್ದು ಇಷ್ಟೇ: ಅನುಮಾನವನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಗೆರೆ ಎಲ್ಲಿದೆ, ಬಿಯರ್ ಎಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಗೆರೆಯವರೆಗೆ ತುಂಬಿಸಿಕೊಡಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಆದರೆ ಕೇಳಬೇಕಾದವನು ಅವನೇ. ಹಾಡು, ಗದ್ದಲ, ಪಕ್ಕದಲ್ಲಿ ಗೆಳೆಯರು, ಹತ್ತು ಮಗ್ಗು ಹೊತ್ತು ಬೆವರುತ್ತ ನಿಂತಿರುವ ಹೆಂಗಸು, ಇವುಗಳ ನಡುವೆ "ಇದು ಕಡಿಮೆ ಇದೆ" ಎನ್ನಲು ಹೆಚ್ಚಿನವರಿಗೆ ಸಂಕೋಚ. ಆ ಸಂಕೋಚವೇ ಮಾರುವವನ ಲಾಭ.

ಅಮ್ಮ ಊರಿಗೆ ಹೋಗುವ ಮುನ್ನ ಇಷ್ಟನ್ನೂ ಅವರಿಗೆ ಹೇಳಿದೆ. ಪೂರ್ತಿ ಕೇಳಿ, "ಅಷ್ಟೊಂದು ಕಾನೂನು ಯಾಕೋ? ನೊರೆ ಇಳಿಯೋವರೆಗೆ ನಿಂತ್ಕೊಂಡ್ರೆ ಆಯ್ತಪ್ಪ" ಎಂದರು. ನಮ್ಮ ಬಾಗಿಲಿಗೆ ಬರುತ್ತಿದ್ದ ಹಾಲಿನವನು ಅವರಿಗೆ ಹೆದರಿ ಪಾವು ತುಂಬುತ್ತಿದ್ದನೇ ಹೊರತು ಪಾವಿನ ಲೋಹಕ್ಕೆ ಹೆದರಿ ಅಲ್ಲ ಎಂಬುದು ನನಗೆ ಆಗ ನೆನಪಾಯಿತು.