ಗಾಜಿನ ಪಕ್ಕದ ಕಂಬ

ಕುಪ್ಪೇಲೂರಿನಂಥ ಊರಿನ ದಾರಿಯಲ್ಲಿ ಚಕ್ಕಡಿ ಹೊಡೆಯುವವನ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಆಮೇಲೆ ಬಂದ ಟ್ರ್ಯಾಕ್ಟರಿಗೂ ತೆರೆದ ಸೀಟೇ. ಮೊದಮೊದಲ ಕಾರುಗಳೂ ಹೀಗೆಯೇ ಇದ್ದವು. ಅಮೆರಿಕದಲ್ಲಿ 1919ರಲ್ಲಿ ಗಟ್ಟಿ ಚಾವಣಿಯ ಕಾರುಗಳು ಶೇ. 10ರಷ್ಟು ಮಾತ್ರ, 1927ರ ಹೊತ್ತಿಗೆ ಶೇ. 85ರಷ್ಟಾದವು. ಚಾವಣಿ ಹೊರಲು ಮುಂದಿನ ಗಾಜಿನ ಎರಡೂ ಬದಿಗೆ ಕಂಬ ಬಂತು. ಎ-ಪಿಲ್ಲರ್ ಎನ್ನುವುದು ಇದನ್ನೇ.

ಈ ಕಂಬದ ತೊಂದರೆ ತಯಾರಕರಿಗೆ ಗೊತ್ತಿರಲಿಲ್ಲವೆಂದಲ್ಲ. 1953ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನಲ್ಲಿ ಗಾಜನ್ನು ಬದಿಗೂ ಬಾಗಿಸಿ ಕಂಬವನ್ನು ಹಿಂದಕ್ಕೆ ತಳ್ಳಿದರು. ನೋಟ ಅಗಲವಾಯಿತು. ಆದರೆ ಬಾಗಿದ ಗಾಜಿನಲ್ಲಿ ರಸ್ತೆ ಸೊಟ್ಟಗೆ ಕಾಣುತ್ತಿತ್ತು, ಹತ್ತುವಾಗ ಮೊಣಕಾಲು ಕಂಬಕ್ಕೆ ಬಡಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಮಾದರಿ ಹೋಯಿತು.

ನಮ್ಮ ಎರಡು ಕಣ್ಣುಗಳ ನಡುವಿನ ಅಂತರ 6 ಸೆಂಟಿಮೀಟರಿಗಿಂತ ತುಸು ಹೆಚ್ಚು. ಕಂಬ ಅದಕ್ಕಿಂತ ತೆಳ್ಳಗಿದ್ದರೆ ಒಂದು ಕಣ್ಣಿಗೆ ಮರೆಯಾದ ದೂರದ ವಸ್ತು ಇನ್ನೊಂದಕ್ಕೆ ಕಾಣುತ್ತದೆ. ದಪ್ಪಗಾದರೆ ಎರಡೂ ಕಣ್ಣು ಸೋಲುತ್ತವೆ. ಅದಕ್ಕೇ ಯುರೋಪಿನ 1977ರ ನಿಯಮ ಕಂಬದ ಮರೆ 6 ಡಿಗ್ರಿ ಮೀರಬಾರದೆಂದಿತು. 6 ಡಿಗ್ರಿಯೆಂದರೂ ಸಣ್ಣದಲ್ಲ: 10 ಮೀಟರ್ ದೂರದಲ್ಲಿ ಅದು ಒಂದು ಮೀಟರ್ ಅಗಲದ ಜಾಗವನ್ನು ನುಂಗುತ್ತದೆ. ಒಬ್ಬ ಮನುಷ್ಯ ಅಡಗಲು ಅಷ್ಟು ಸಾಕು.

ಇತ್ತ, ಉರುಳಿದ ಕಾರಿನ ಚಾವಣಿ ಕುಸಿದು ಒಳಗಿನವರು ಸಾಯುವುದನ್ನು ತಡೆಯಲು, ಚಾವಣಿ ಕಾರಿನ ತೂಕದ ಒಂದೂವರೆ ಪಟ್ಟು ತಾಳಬೇಕೆಂದು ಅಮೆರಿಕ 1973ರಿಂದ ಕಡ್ಡಾಯ ಮಾಡಿತು. 2009ರಲ್ಲಿ ಅದನ್ನು ಮೂರು ಪಟ್ಟಿಗೆ ಏರಿಸಿತು. ಗಾಳಿ ಸೀಳಲೆಂದು ಗಾಜು ಹೆಚ್ಚೆಚ್ಚು ವಾಲಿತು, ಜತೆಗೆ ಕಂಬವೂ ವಾಲಿತು. ವಾಲಿದ ಕಂಬ ನೋಟವನ್ನು ಇನ್ನಷ್ಟು ಮುಚ್ಚುತ್ತದೆ. 2001ರಲ್ಲಿ ವೋಲ್ವೊ ಆಚೆಗೆ ಕಾಣುವ ಜಾಲರಿಯಂಥ ಕಂಬದ ಕಾರೊಂದನ್ನು ತೋರಿಸಿತಾದರೂ ಅದು ಮಾರಾಟಕ್ಕೆ ಬರಲಿಲ್ಲ.

ನಮ್ಮಲ್ಲಿ ಈ ಕತೆ ತಡವಾಗಿ ನಡೆಯಿತು. ಅಂಬಾಸಿಡರ್ 1950ರ ದಶಕದ ಮೈಕಟ್ಟನ್ನೇ ಹೊತ್ತು 2014ರವರೆಗೆ ತಯಾರಾಯಿತು. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರ್‌ನಿಂದ ಎಲ್ಲ ಕಾರುಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು; 2023ರಲ್ಲಿ ಭಾರತ್ ಎನ್‌ಕ್ಯಾಪ್ ನಕ್ಷತ್ರಗಳು ಬಂದವು. ಒಳಗೆ ಕೂತವರಿಗೆ ಇದು ನಿಜವಾದ ಲಾಭ. ಆದರೆ ಗಟ್ಟಿ ಕಂಬದ ಬೆಲೆಯಲ್ಲಿ ಒಂದು ಪಾಲನ್ನು ಹೊರಗೆ ನಡೆಯುವವರು ತೆರುತ್ತಾರೆ.

ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರು ಹಾಯುವ ಹೆದ್ದಾರಿ ಅಗಲವಾಗಿದೆ. ಅದನ್ನು ಬಿಟ್ಟಿಳಿದ ಕಾರು ಕೊನೆಗೆ ತಿರುಗುವುದು ಸೈಕಲ್ಲು, ಕುರಿಹಿಂಡು, ಶಾಲೆಯ ಮಕ್ಕಳಿರುವ ಹಳ್ಳಿಯ ಕ್ರಾಸಿನಲ್ಲಿ. ನಮ್ಮ ಚಾಲಕ ಬಲಕ್ಕೆ ಕೂರುವುದರಿಂದ ಬಲಗಂಬವೇ ಕಣ್ಣಿಗೆ ಹತ್ತಿರ. ಬಲಕ್ಕೆ ತಿರುಗುವಾಗ ಮರೆಯೂ ದೊಡ್ಡದು. ಕಾರು ತಿರುಗುವ ವೇಗಕ್ಕೂ ದಾಟುವವನ ನಡಿಗೆಗೂ ತಾಳ ಕೂಡಿದರೆ ಕಂಬ ಅವನ ಜತೆಯಲ್ಲೇ ಸರಿಯುತ್ತದೆ. ಚಾಲಕನಿಗೆ ಕೊನೆಯವರೆಗೂ ಕಾಣುವುದು ಖಾಲಿ ರಸ್ತೆ.

ಉಪಾಯಕ್ಕೆ ಖರ್ಚಿಲ್ಲ. ಸ್ಟಿಯರಿಂಗ್ ತಿರುಗಿಸುವ ಮೊದಲು ವೇಗ ಇಳಿಸಿ, ಮುಂದಕ್ಕೆ ಬಾಗಿ, ತಲೆಯನ್ನು ಅತ್ತಿತ್ತ ಆಡಿಸಿ ಕಂಬದ ಆಚೆ ಇಣುಕಬೇಕು. ದಾಟುವವರು ಚಾಲಕನ ಮುಖ ಹುಡುಕಬೇಕು. ಅದು ಕಾಣದಿದ್ದರೆ ಅವನಿಗೂ ನಾವು ಕಾಣುತ್ತಿಲ್ಲ. ಅಲ್ಲೇ ನಿಲ್ಲುವುದು ಒಳ್ಳೆಯದು.